ಕೆರೆಗಿಳಿದ ಗಾಜಿನ ಛತ್ರ

ನಮ್ಮೂರಿನಲ್ಲಿ ಮನೆ ಕಟ್ಟುವುದು ಕಷ್ಟವಲ್ಲ. ಕಟ್ಟಿದ ಮನೆಯನ್ನು ಕಟ್ಟಿದ ಜಾಗದಲ್ಲೇ ಕೂರಿಸಿಕೊಳ್ಳುವುದು ಕಷ್ಟ. ಸೆಕೆ ತಡೆಯಲಾಗದಿದ್ದರೆ ಅದು ಎದ್ದು ಹೋಗುತ್ತದೆ. ಬಹಳ ದೂರವೇನೂ ಹೋಗುವುದಿಲ್ಲ. ಯಾವುದಾದರೂ ಮರದ ಕೆಳಗೋ, ಪೇಟೆಯ ಹಿಂದಿನ ಕೆರೆ ಏರಿಯ ಮೇಲೋ ಕೂತು, ಮೈ ತಂಪಾದ ಮೇಲೆ ಮನಸ್ಸು ಬಂದರೆ ವಾಪಸು ಬರುತ್ತದೆ. ಮನಸ್ಸು ಬರದಿದ್ದರೆ ನಾವೇ ಹೋಗಿ ಕರೆದುಕೊಂಡು ಬರಬೇಕು. ಹಾಗಾಗಿ ಯಾರನ್ನಾದರೂ ಊಟಕ್ಕೆ ಕರೆಯುವಾಗ "ಮನೆ ಇದ್ರೆ ಬನ್ನಿ" ಎನ್ನುವುದು ನಮ್ಮಲ್ಲಿ ವಾಡಿಕೆ. ಕರೆಂಟಿನವರು ಪ್ರತಿ ಮನೆಯ ವೈರನ್ನೂ ಉದ್ದಕ್ಕೆ ಬಿಟ್ಟು ಸುರುಳಿ ಸುತ್ತಿಟ್ಟಿರುತ್ತಾರೆ. ಬಚ್ಚಲಿಗೆ ಹೋದವರು ಮೈಗೆ ನೀರು ಹಾಕಿಕೊಳ್ಳುವ ಮೊದಲು ಕಿಟಕಿಯಿಂದ ಇಣುಕಿ, ಎದುರಿಗಿರುವುದು ನಮ್ಮದೇ ಬೀದಿಯೋ ಬೇರೆ ಬೀದಿಯೋ ಎಂದು ನೋಡಿಕೊಳ್ಳುತ್ತಾರೆ. ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಹೆಸರು ಚೆನ್ನಾಜಮ್ಮ. ನಾನು ಕಟ್ಟಡದ ಕಂಟ್ರಾಕ್ಟರು. ನಮ್ಮ ಯಜಮಾನರು ಕೆಂಪಯ್ಯನವರದು ಎದ್ದುಹೋದ ಮನೆಗಳನ್ನು ಹೊಡೆದುಕೊಂಡು ಬರುವ ಕೆಲಸ. ಒದ್ದೆ ಗೋಣಿಚೀಲವನ್ನು ಬೀಸುತ್ತಾ, "ಬಾ ಬಾ ಬಾ, ನಮ್ಮಪ್ಪ ಬಾ" ಎಂದು ಕರೆಯುತ್ತಾ ಹಿಮ್ಮುಖವಾಗಿ ನಡೆದರೆ ಎಂಥ ಹಟಮಾರಿ ಮಹಡಿ ಮನೆಯಾದರೂ ಅವರ ಹಿಂದೆ ಬರುತ್ತದೆ. ಹೆಂಡತಿ ಕೆಟ್ಟದಾಗಿ ಕಟ್ಟಿದಷ್ಟೂ ಗಂಡನಿಗೆ ಸಂಪಾದನೆ ಎಂದು ಊರವರು ನಗುತ್ತಾರೆ. ನಾವೂ ಅವರ ಜೊತೆ ನಕ್ಕುಬಿಡುತ್ತೇವೆ. ಏನು ಮಾಡುವುದು, ಅದರಲ್ಲಿ ಪೂರ್ತಿ ಸುಳ್ಳೇನಿಲ್ಲ.

ಎದ್ದುಹೋಗುವ ಕಟ್ಟಡಗಳ ಕಾಟ ಜಾಸ್ತಿಯಾಗಿ, ಒಮ್ಮೆ ಪೊಲೀಸ್ ಠಾಣೆಯೇ ಒಳಗಿದ್ದ ಕಳ್ಳನ ಸಮೇತ ಕಳ್ಳನ ಮಾವನ ತೋಟಕ್ಕೆ ಹೋಗಿ ಕೂತಮೇಲೆ, ಪುರಸಭೆಯವರು ಹಸಿರು ಕಟ್ಟಡ ನೀತಿ ಎಂದು ಒಂದು ನೀತಿ ತಂದರು. ಎದುರುಬದುರು ಕಿಟಕಿ ಇಟ್ಟು ಗಾಳಿ ಆಡುವಂತೆ ಮಾಡಬೇಕು, ಕಿಟಕಿಯ ಮೇಲೆ ಅಗಲವಾದ ಸಜ್ಜ ಹಾಕಬೇಕು, ತಾರಸಿಗೆ ಬಿಳಿ ಸುಣ್ಣ ಬಳಿಯಬೇಕು, ಮಳೆ ನೀರಿಗೆ ಇಂಗುಗುಂಡಿ ತೋಡಬೇಕು, ಬಿಸಿಲು ಬೀಳುವ ಕಡೆ ಮರ ನೆಡಬೇಕು, ಗಾಜನ್ನು ಹದವಾಗಿ ಬಳಸಬೇಕು. ಇಷ್ಟೇ. ನಮ್ಮ ಅಜ್ಜಿ ಕೇಳಿದ್ದರೆ "ಇದಕ್ಕೂ ನೀತಿ ಬೇಕೇನೇ?" ಎನ್ನುತ್ತಿದ್ದಳು. ಆದರೂ ಪುರಸಭೆಯವರು ಇಂಜಿನಿಯರುಗಳಿಗೆ, ಕಂಟ್ರಾಕ್ಟರುಗಳಿಗೆ, ಮೇಸ್ತ್ರಿಗಳಿಗೆ ಮೇಲಿಂದ ಮೇಲೆ ತರಬೇತಿ ಕೊಟ್ಟರು. ನಾವು ಒಂದನ್ನೂ ತಪ್ಪಿಸದೆ ಹೋದೆವು. ತರಬೇತಿಯ ಊಟಕ್ಕೆ ಹೋಳಿಗೆ ಇರುತ್ತಿತ್ತು.

ಆಮೇಲೆ ನೀತಿಯ ಉಸ್ತುವಾರಿಗೆ ರುಬೀನಾ ಎಂಬ ಹೊಸ ಅಧಿಕಾರಿ ಬಂದರು. ಇನ್ನೂ ಚಿಕ್ಕ ವಯಸ್ಸು. ಮಾತು ಮೆತ್ತಗೆ, ಪಟ್ಟು ಮಾತ್ರ ಗಟ್ಟಿ. ನಮ್ಮ ಕಟ್ಟಡದವರ ಸಂಘದ ಸಭೆಗೆ ಬಂದು, "ಒಂದು ಸಮೀಕ್ಷೆ ಮಾಡ್ತಿದೀನಿ. ಹಸಿರು ಕಟ್ಟಡ ನೀತಿ ಯಾರಿಗೆಲ್ಲಾ ಗೊತ್ತಿದೆಯೋ ದಯವಿಟ್ಟು ಕೈ ಎತ್ತಿ" ಎಂದರು.

ಸಭೆಗೆ ಸಭೆಯೇ ಕೈ ಎತ್ತಿತು. ಬೆಂಚಿನ ಮೇಲೆ ನಿದ್ದೆ ಹೋಗಿದ್ದ ಮರಿಸಿದ್ದನ ಕೈಯನ್ನು ಪಕ್ಕದವನು ಎತ್ತಿ ಹಿಡಿದ. ಮರಿಸಿದ್ದ ನನ್ನ ಹಾಗೇ ಕಂಟ್ರಾಕ್ಟರು.

"ತುಂಬಾ ಸಂತೋಷ. ಈಗ, ಅದರ ಪ್ರಕಾರ ಕಟ್ಟಿದೋರು ಯಾರು?"

ಎಲ್ಲ ಕೈಗಳೂ ಕೆಳಗಿಳಿದವು. ಮರಿಸಿದ್ದನದು ಮಾತ್ರ ಹಾಗೇ ನಿಂತಿತ್ತು. ಮೇಡಂ ಖುಷಿಯಾಗಿ ಅವನನ್ನು ಎಬ್ಬಿಸಿ, ಏನೇನು ಮಾಡಿದಿರಿ ಎಂದು ಕೇಳಿದರು.

"ಹಸಿರು ಪೇಂಟ್ ಹೊಡ್ದಿದೀನಿ ಮೇಡಂ. ಎರಡು ಕೋಟು" ಎಂದ ಮರಿಸಿದ್ದ.

ಆಗ ಎದ್ದು ನಿಂತವರು ಸಂಘದ ಅಧ್ಯಕ್ಷರಾದ ಇಂಜಿನಿಯರ್ ತಿರುಮಲರಾಯರು. ಎತ್ತರದ ಆಳು, ಚಿನ್ನದ ಫ್ರೇಮಿನ ಕನ್ನಡಕ, ಮಾತಿಗೆ ನಿಂತರೆ ನೆಲದ ಮೇಲೆ ನಕ್ಷೆ ಬರೆಯುವ ಹಾಗೆ ಕೈ ಆಡಿಸುತ್ತಿದ್ದರು. "ನೋಡಮ್ಮ, ನೀತಿ ಅನ್ನೋದು ತಿಳ್ಕೊಂಡಿರೋಕೆ. ಹರಿಶ್ಚಂದ್ರನ ಕಥೆ ಎಲ್ಲರಿಗೂ ಗೊತ್ತು, ಹಾಗಂತ ಯಾರಾದ್ರೂ ಹೋಗಿ ಸ್ಮಶಾನ ಕಾಯ್ತಾರಾ? ನಾವು ತಿಳ್ಕೊಂಡಿದೀವಿ. ಅಲ್ಲಿಗೆ ನಮ್ಮ ಕರ್ತವ್ಯ ಮುಗೀತು" ಎಂದರು. ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ರಾಯರ ಮುಂದಿನ ಕೆಲಸ ನನಗೇ ಸಿಗುವುದರಲ್ಲಿತ್ತು.

ಆ ಕೆಲಸವೇ ಛತ್ರ. ರಾಯರಿಗೆ ಒಬ್ಬಳೇ ಮಗಳು, ವೈಜಯಂತಿ. ಅವಳ ಮದುವೆಗೆಂದೇ ಒಂದು ಛತ್ರ ಕಟ್ಟಿಸಿ, ಅವಳದೇ ಹೆಸರಿಟ್ಟು, ಮೊದಲ ಮದುವೆ ಅವಳದೇ ಆಗಬೇಕೆಂಬುದು ಅವರ ಆಸೆ. ಆಸೆಗೆ ತಕ್ಕಂತೆ ನಾಲ್ಕೂ ಕಡೆ ಗಾಜು. ಗೋಡೆ ಎಂದು ಒಂದು ಚಪ್ಪಡಿಯಗಲವೂ ಇಲ್ಲ. ನಕ್ಷೆಯನ್ನು ನಾನು ಎರಡು ಸಲ ತಿರುಗಿಸಿ ನೋಡಿದೆ.

"ರಾಯರೇ, ಬ್ಯಾಸಗೇಲಿ ಮದ್ವೆ. ಈ ಪಾಟಿ ಗಾಜಾದ್ರೆ ಒಳಗಡೆ ಜನ ಬೆಂದೋಯ್ತರೆ. ಒಂದೊಂದು ಸಜ್ಜನಾದ್ರೂ ಹಾಕುಮ" ಎಂದೆ.

"ಸಜ್ಜ ಹಾಕಿದ್ರೆ ಸುಂದರಿ ಮುಖಕ್ಕೆ ಮೊರ ಹಿಡಿದಹಾಗಿರುತ್ತೆ ಚೆನ್ನಾಜಮ್ಮ."

"ಎದ್ದೋದ್ರೆ?"

"ಸರಪಳಿ ಹಾಕು. ಲಾರಿ ಎಳೆಯೋ ಸರಪಳಿ."

ನಾಲ್ಕು ಮೂಲೆಗೂ ಕಬ್ಬಿಣದ ಗೂಟ ಹೂತು, ಲಾರಿ ಎಳೆಯುವ ಸರಪಳಿ ಬಿಗಿದೆವು. ರುಬೀನಾ ಮೇಡಂ ಬಂದು ನೋಡಿ, "ಇದು ಕೂರೋ ಕಟ್ಟಡ ಅಲ್ಲ ಸರ್" ಎಂದರು. ರಾಯರು ನಕ್ಕು, ಅವರ ಕೈಗೆ ಮದುವೆಯ ಕರೆಯೋಲೆ ಕೊಟ್ಟು, "ಬಂದು ನೋಡಮ್ಮ. ನೀನು ಊಟ ಮುಗಿಸಿ ಕೈ ತೊಳೆಯೋ ತನಕ ಕೂತಿರುತ್ತೆ" ಎಂದರು.

ವರನ ಹೆಸರು ಸುಘೋಷ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಸಾಧು ಹುಡುಗ. ಅವನೂ ಅವನ ಕಡೆಯವರೂ ಬೇರೆ ಊರಿನವರು, ಅಂದರೆ ಮನೆಗಳು ಹುಟ್ಟಿದಲ್ಲೇ ಸಾಯುವತನಕ ಕೂತಿರುವ ಊರಿನವರು. ನಮ್ಮೂರಿನ ಕಟ್ಟಡಗಳ ಸ್ವಭಾವವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸಂಬಂಧ ಮಾತಾಡುವಾಗ ಹುಡುಗಿಗೆ ಸಂಗೀತ ಬರುತ್ತದೆ ಎನ್ನುತ್ತಾರೆಯೇ ಹೊರತು, ಛತ್ರಕ್ಕೆ ಕಾಲು ಬರುತ್ತದೆ ಎಂದು ಯಾರು ಹೇಳುತ್ತಾರೆ?

ಮದುವೆಯ ದಿನ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಮುಹೂರ್ತ ಮಧ್ಯಾಹ್ನಕ್ಕೆ, ಅಭಿಜಿನ್ ಲಗ್ನ. ಛತ್ರದೊಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಒಳಗಿಳಿದ ಹಾಗಾಗುತ್ತಿತ್ತು. ಓಲಗದವರು ಊದುವುದಕ್ಕಿಂತ ಹೆಚ್ಚಾಗಿ ಒರೆಸಿಕೊಳ್ಳುತ್ತಿದ್ದರು. ಹಿಂದಿನ ಅಡುಗೆ ಮನೆಯಲ್ಲಿ ಸಾಲು ಒಲೆ ಉರಿಯುತ್ತಿತ್ತು. ನಾನು ಆಗಾಗ ಹೊರಗೆ ಬಂದು ಸರಪಳಿ ಮುಟ್ಟಿ ನೋಡುತ್ತಿದ್ದೆ. ಸರಪಳಿ ಸಣ್ಣಗೆ ನಡುಗುತ್ತಿತ್ತು.

ಅಷ್ಟರಲ್ಲಿ ಕಾಶಿಯಾತ್ರೆಯ ಶಾಸ್ತ್ರ ಬಂತು. ವರ ಛತ್ರಿ ಹಿಡಿದು, ಹೊಸ ಚಪ್ಪಲಿ ಮೆಟ್ಟಿ, ನನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡುವುದು. ಹೆಣ್ಣಿನ ತಂದೆ ಹಿಂದೆ ಓಡಿ, ಬೇಡಪ್ಪಾ, ನನ್ನ ಮಗಳನ್ನು ಕೊಡುತ್ತೇನೆ ಎಂದು ತಡೆಯುವುದು. ಗಂಡಸರೆಲ್ಲ ನೋಡಲು ಹೊರಗೆ ಬಂದರು. ಸೆಕೆಗೆ ಅದೊಂದು ನೆಪವೂ ಆಯಿತು. ಸುಘೋಷ ನಾಚುತ್ತಾ ನಾಲ್ಕು ಹೆಜ್ಜೆ ಹೋದ. ರಾಯರು ಓಡಿಹೋಗಿ ಅವನ ಕೈ ಹಿಡಿದು, "ಹೋಗಬೇಡಿ, ಹೋಗಬೇಡಿ!" ಎಂದು ಕೂಗಿದರು.

ಅವರ ಬೆನ್ನ ಹಿಂದೆ ಛತ್ರ ಎದ್ದು ನಿಂತಿತು.

ಗೂಟಗಳು ಹಲ್ಲು ಕಿತ್ತ ಹಾಗೆ ಒಂದೊಂದಾಗಿ ಕಿತ್ತುಬಂದವು. ಸೀರೆಯ ನೆರಿಗೆ ಎತ್ತಿ ಹಿಡಿಯುವ ಗರತಿಯ ಹಾಗೆ ಮೆಟ್ಟಿಲುಗಳನ್ನು ಮೇಲಕ್ಕೆ ಮಡಚಿಕೊಂಡು, ಸರಪಳಿಗಳನ್ನು ಗೆಜ್ಜೆಯ ಹಾಗೆ ಝಣಝಣಿಸುತ್ತಾ, ವಧುವನ್ನೂ ಪುರೋಹಿತರನ್ನೂ ಓಲಗದವರನ್ನೂ ಹೆಂಗಸರನ್ನೂ ಅಡುಗೆಯವರನ್ನೂ ಒಳಗಿಟ್ಟುಕೊಂಡು ಅದು ಕೆರೆಯ ದಾರಿ ಹಿಡಿಯಿತು. ರಾಯರು ಇನ್ನೂ "ಹೋಗಬೇಡಿ" ಎನ್ನುತ್ತಲೇ ಇದ್ದರು. ಆದರೆ ಈಗ ಮುಖ ಛತ್ರದ ಕಡೆ ತಿರುಗಿತ್ತು.

"ನಾನು ಎಲ್ಲೂ ಹೋಗ್ತಿಲ್ವಲ್ಲ ಮಾವ" ಎಂದ ಸುಘೋಷ, ಪಾಪ, ಛತ್ರಿ ಹಿಡಿದುಕೊಂಡು.

ನಾವೆಲ್ಲ ಓಡಿದೆವು. ಕೆರೆ ಏರಿಯ ಮೇಲೆ ಬಂದು ನೋಡಿದರೆ, ಛತ್ರ ಸೊಂಟದ ತನಕ ನೀರಿಗಿಳಿದು, "ಉಸ್ಸಪ್ಪಾ" ಎಂದು ಉಸಿರು ಬಿಡುತ್ತಾ ಕೂತಿತ್ತು. ಅದೃಷ್ಟಕ್ಕೆ ಮಂಟಪ, ಅಡುಗೆ ಮನೆ ಎರಡೂ ಮೇಲಿನ ಅಂತಸ್ತಿನಲ್ಲಿದ್ದವು. ನೀರಿನ ಮೇಲಿಂದ ಹುಳಿಯ ಒಗ್ಗರಣೆಯ ವಾಸನೆ ತೇಲಿಬಂತು. ವರನ ಸೋದರಮಾವ, ಗುಂಡಗಿನ ಕೆಂಪು ಮನುಷ್ಯ, ಏರಿಯ ಮೇಲೆ ಕುಸಿದು ಕೂತು, "ಹೆಣ್ಣಿನ ಕಡೆಯೋರು ತಕರಾರು ಮಾಡೋದು ಕೇಳಿದೀನಿ. ಛತ್ರಕ್ಕೇ ಸಂಬಂಧ ಇಷ್ಟ ಇಲ್ಲ ಅಂದ್ರೆ ಇದೆಂಥ ಅಪಶಕುನ! ನಡೀರಿ, ಬಸ್ ಹತ್ತೋಣ" ಎಂದರು. ಅವರ ಕಡೆಯ ಕೆಲವರು ಆಗಲೇ ಪೆಟ್ಟಿಗೆ ಹುಡುಕತೊಡಗಿದರು. ಪೆಟ್ಟಿಗೆಗಳೂ ಛತ್ರದಲ್ಲೇ ಇದ್ದುದರಿಂದ ಹೊರಡಲಾಗಲಿಲ್ಲ. ರಾಯರು ನನ್ನ ಕಡೆ ತಿರುಗಿ, "ಚೆನ್ನಾಜಮ್ಮ, ನಿಮ್ಮೆಜಮಾನರು..." ಎಂದರು.

ಯಜಮಾನರು ಅಷ್ಟರಲ್ಲಿ ರೇಷ್ಮೆ ಅಂಗಿಯಲ್ಲೇ ನೀರಿಗಿಳಿದಿದ್ದರು. ಗೋಣಿಚೀಲ ಬೀಸಿ, ತಮ್ಮ ಎಂದಿನ ದನಿಯಲ್ಲಿ "ಬಾ ಬಾ ಬಾ" ಎಂದು ಕರೆದರು. ಛತ್ರ ಒಮ್ಮೆ ಅವರ ಕಡೆ ವಾಲಿ ನೋಡಿತು. ನೀರಲ್ಲೇ ಕೂತಿರುವವರಿಗೆ ಒದ್ದೆ ಗೋಣಿಚೀಲದ ಆಸೆ ಎಲ್ಲಿಯದು? ಕಾಲಾಡಿಸಿ ಅವರ ಮೇಲೆ ನೀರೆರಚಿತು. ಇಷ್ಟು ವರ್ಷದ ಕಸುಬಿನಲ್ಲಿ ಯಾವ ಮನೆಯೂ ಹೀಗೆ ಮಾಡಿರಲಿಲ್ಲವೆಂದು ಯಜಮಾನರು ತುಂಬ ನೊಂದುಕೊಂಡರು. ಆಮೇಲೆ ಟ್ರಾಕ್ಟರ್ ತಂದು ಸರಪಳಿಗೆ ಕಟ್ಟಿ ಎಳೆಸಿದೆವು. ಛತ್ರ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಟ್ರಾಕ್ಟರೂ ಅದರ ಜೊತೆಗೆ ನೀರಿಗೆ ಹೋಯಿತು.

ರಾಯರು ಮಂಡಿಯುದ್ದ ನೀರಿನಲ್ಲಿ ನಿಂತು ಕೈ ಎತ್ತಿ ಗದರಿದರು. "ಏಯ್! ನಿನ್ನ ಡಿಸೈನ್ ಮಾಡಿದೋನು ನಾನು!"

ಅದಕ್ಕೆ ಉತ್ತರ ಬಂದದ್ದು ಛತ್ರದಿಂದಲ್ಲ, ಮೇಲಿನ ಬಾಲ್ಕನಿಯಿಂದ. ವೈಜಯಂತಿ ಬಾಸಿಂಗ ಕೈಯಲ್ಲಿ ಹಿಡಿದು ಬಂದು ನಿಂತಿದ್ದಳು. "ಅಪ್ಪಾ, ನೀನು ಒಂದು ಗಳಿಗೆ ಒಳಗೆ ಕೂತು ನೋಡಿದೀಯಾ? ಮುಖಕ್ಕೆ ಹಚ್ಚಿದ ಅರಿಶಿನ ಒಣಗಿ ಹಪ್ಪಳ ಆಗಿದೆ. ಚಿಕ್ಕತ್ತೆಗೆ ಎರಡು ಸಲ ತಲೆ ಸುತ್ತು ಬಂತು. ಇದು ಎದ್ದು ಬರದೇ ಇದ್ದಿದ್ರೆ ನಾನೇ ಎದ್ದು ಕೆರೆಗೆ ಬರ್ತಿದ್ದೆ!"

"ಕಂದಾ, ಮುಹೂರ್ತ ಮೀರುತ್ತೆ..."

"ಮೀರಲಿ. ಈ ಗಾಜು ತೆಗೆಸೋ ತನಕ ಇದೂ ಏಳಲ್ಲ, ನಾನೂ ಏಳಲ್ಲ. ನನ್ನ ಹೆಸರಿಟ್ಟಿದೀಯಲ್ಲ, ಬುದ್ಧೀನೂ ನನ್ನದೇ ಬಂದಿದೆ ಅದಕ್ಕೆ."

ರಾಯರು ಗಾಜುಗಳ ಕಡೆ ನೋಡಿದರು. ಆ ಗಾಜುಗಳನ್ನು ಅವರು ಎಷ್ಟು ಮೆಚ್ಚಿ ತರಿಸಿದ್ದರೆಂದು ನನಗೆ ಗೊತ್ತಿತ್ತು. ಕೂಡಿಸುವಾಗ ನಮ್ಮ ಆಳುಗಳು ಕೆಮ್ಮಿದರೂ ರೇಗುತ್ತಿದ್ದರು. ಅವರು ಏರಿಯ ಮೇಲಿದ್ದ ಬೀಗರನ್ನು ನೋಡಿದರು, ಛತ್ರಿ ಹಿಡಿದ ಅಳಿಯನನ್ನು ನೋಡಿದರು, ಬಾಲ್ಕನಿಯ ಮಗಳನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಜೇಬಿನಲ್ಲಿಟ್ಟು, ಕಚ್ಚೆ ಬಿಗಿದು, "ಚೆನ್ನಾಜಮ್ಮ, ಸ್ಪ್ಯಾನರ್ ಇದೆಯಾ?" ಎಂದರು.

ಮದುವೆಗೆ ಹೋದರೂ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಅರಿಶಿನ ಕುಂಕುಮದ ಪೊಟ್ಟಣದ ಜೊತೆ ಸ್ಪ್ಯಾನರ್ ಇರುತ್ತದೆ. ಕೊಟ್ಟೆ. ಎದೆಮಟ್ಟ ನೀರಿನಲ್ಲಿ ನಡೆದುಹೋಗಿ ರಾಯರು ತಾವೇ ಮೊದಲ ಗಾಜನ್ನು ಬಿಚ್ಚಿದರು. ಬಿಚ್ಚಿದ್ದನ್ನು ಮಗುವಿನ ಹಾಗೆ ಎದೆಗವಚಿಕೊಂಡು ದಡಕ್ಕೆ ತಂದಿಟ್ಟರು. ಕೆನ್ನೆ ಒದ್ದೆಯಾಗಿತ್ತು. ಕೆರೆಯ ನೀರು ಎಂದು ಅವರೂ ಹೇಳಿದರು, ನಾವೂ ಒಪ್ಪಿದೆವು.

ಅಧ್ಯಕ್ಷರೇ ಇಳಿದ ಮೇಲೆ ಸಂಘ ಸುಮ್ಮನಿರುತ್ತದೆಯೇ? ಊರಿನ ಇಂಜಿನಿಯರುಗಳು, ಕಂಟ್ರಾಕ್ಟರುಗಳು, ಮೇಸ್ತ್ರಿಗಳು ಎಲ್ಲರೂ ಮದುವೆಗೆ ಬಂದವರೇ. ಜರಿಪಂಚೆ ಎತ್ತಿ ಕಟ್ಟಿ ದಬದಬ ನೀರಿಗೆ ಬಿದ್ದರು. ನೋಡಿದರೆ ನೀತಿ ಎಲ್ಲರಿಗೂ ಬಾಯಿಪಾಠ! "ಮೂಡ್ಲಗಡೆ ಬಿಚ್ಚುದ್ರೆ ಸಾಲ್ದು ಕಣ್ಲಾ, ಪಡ್ವಲಗಡೇನೂ ಬಿಚ್ಚು, ಗಾಳಿ ಆಡ್ಬೇಕು!" ಎಂದು ಒಬ್ಬ ಕೂಗಿದರೆ, "ಸಜ್ಜ ಎಲ್ರೋ, ಸಜ್ಜ!" ಎಂದು ಇನ್ನೊಬ್ಬ. ಚಪ್ಪರದ ತೆಂಗಿನ ಗರಿಗಳನ್ನು ಕಿತ್ತು ತಂದು ಕಿಟಕಿಗಳ ಮೇಲೆ ಸಜ್ಜದ ಹಾಗೆ ಇಳಿಬಿಟ್ಟರು. ತಾರಸಿಗೆ ಬಳಿಯಲು ಸುಣ್ಣ ಬೇಕಾಯಿತು. ಸಿಕ್ಕಿದ್ದು ಎಲೆಅಡಿಕೆಯ ಸುಣ್ಣ ಮಾತ್ರ. ಅದು ಒಂದು ಮೂಲೆಗೂ ಸಾಲದೆ, ಗಂಡಸರ ಬಿಳಿ ಶಲ್ಯಗಳನ್ನೆಲ್ಲ ಕಿತ್ತುಕೊಂಡು ತಾರಸಿಯ ಮೇಲೆ ಹಾಸಿದೆವು. ವರನ ಸೋದರಮಾವ ತಮ್ಮ ಶಲ್ಯ ಕೊಡುವುದಿಲ್ಲವೆಂದು ಸ್ವಲ್ಪ ಹೊತ್ತು ಗುದ್ದಾಡಿದರು. ಮರಿಸಿದ್ದ ಹಸಿರು ಪೇಂಟಿನ ಡಬ್ಬಿ ಹಿಡಿದು ಓಡಿಬಂದ. ಅವನನ್ನು ಇಂಗುಗುಂಡಿ ತೋಡು ಎಂದು ದಡದ ಮೇಲೇ ನಿಲ್ಲಿಸಿದೆವು. ಕೆರೆಯ ಪಕ್ಕ ಇಂಗುಗುಂಡಿ ಯಾಕೆ ಎಂದು ಅವನು ಕೇಳಲಿಲ್ಲ.

ಆಗಷ್ಟೇ ಬಂದ ರುಬೀನಾ ಮೇಡಂ ಉಡುಗೊರೆಯ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ದಡದಲ್ಲಿ ನಿಂತಿದ್ದರು. ನಾನು ಒಂದು ಗಾಜು ಹೊತ್ತು ಅವರ ಪಕ್ಕದಲ್ಲಿ ಹಾದುಹೋಗುವಾಗ ಮೆಲ್ಲಗೆ, "ಚೆನ್ನಾಜಮ್ಮನೋರೇ, ಇದನ್ನ ನೀತಿ ಅಳವಡಿಸ್ಕೊಂಡಿದ್ದು ಅಂತ ಬರ್ಕೋಬಹುದಾ?" ಎಂದರು.

"ಬರ್ಕೊಳಿ ತಾಯಿ. ಹಂಗೇ ಈ ತುದಿ ವಸಿ ಹಿಡ್ಕೊಳಿ" ಎಂದೆ. ಅವರು ಉಡುಗೊರೆ ಕೆಳಗಿಟ್ಟು ಗಾಜಿನ ತುದಿ ಹಿಡಿದರು.

ಕೊನೆಯ ಗಾಜು ಬಿಚ್ಚಿದಾಗ ಕೆರೆಯ ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆ ಹೊರಟಿತು. ಒಳಗಿದ್ದ ಹೆಂಗಸರು "ಹಾ!" ಎಂದರು. ಓಲಗದವರು ಮೊದಲ ಬಾರಿಗೆ ಒಂದು ರಾಗವನ್ನು ಪೂರ್ತಿ ನುಡಿಸಿದರು. ಛತ್ರ ಮಾತ್ರ ಅಲ್ಲಾಡಲಿಲ್ಲ. ಮುಹೂರ್ತ ಹತ್ತಿರವಾಯಿತು. ವಧು ನೀರಿನ ನಡುವೆ, ವರ ಏರಿಯ ಮೇಲೆ. ಸುಘೋಷನಿಗೆ ಈಜು ಬಾರದು, ಎದೆಮಟ್ಟ ನೀರೆಂದರೂ ಭಯ.

ಆಗ ಅಡುಗೆಯವರು ಅನ್ನ ಮಾಡಿ ಖಾಲಿಯಾಗಿದ್ದ ದೊಡ್ಡ ಕೊಪ್ಪರಿಗೆಯನ್ನು ಹಿಂದಿನ ಬಾಗಿಲಿನಿಂದ ನೀರಿಗೆ ತಳ್ಳಿದರು. ಯಜಮಾನರು ಅದನ್ನು ದಡಕ್ಕೆ ತಂದರು. "ಇದ್ರಲ್ಲಿ ಕೂತ್ಕೊಳ್ಳಿ ಸ್ವಾಮಿ, ನಾ ತಳ್ಕಂಡ್ ಹೋಯ್ತಿನಿ."

"ನಮ್ಮ ಹುಡುಗ ಅನ್ನದ ಪಾತ್ರೇಲಿ ಮದುವೆಗೆ ಹೋಗೋದಾ?" ಎಂದು ಸೋದರಮಾವ ಕಿರುಚಿದರು.

ಸುಘೋಷ ಅಲ್ಲಿಯ ತನಕ ಯಾರಿಗೂ ಎದುರು ಮಾತಾಡಿರಲಿಲ್ಲ. ಬಾಲ್ಕನಿಯ ಕಡೆ ನೋಡಿದ. ಗಾಳಿಗೆ ಮುಂಗುರುಳು ಹಾರುತ್ತಿತ್ತು, ವೈಜಯಂತಿ ನಗುತ್ತಿದ್ದಳು. ಅವನು "ಮಾವ, ಕಾಶಿಗೇ ಹೊರಟಿದ್ದೆ, ಇದೇನು ದೂರ ಬಿಡಿ" ಎಂದು ಕೊಪ್ಪರಿಗೆಯಲ್ಲಿ ಇಳಿದು ಕೂತ. ಛತ್ರಿ ಬಿಚ್ಚಿ ಹಿಡಿದ. ಯಜಮಾನರು ಈಜುತ್ತಾ ತಳ್ಳಿದರು. ಕೊಪ್ಪರಿಗೆ ಸುತ್ತುತ್ತಾ ಸುತ್ತುತ್ತಾ ಹೋಗುತ್ತಿದ್ದುದರಿಂದ ವರನ ಮುಖ ಒಮ್ಮೆ ವಧುವಿಗೆ, ಒಮ್ಮೆ ನಮಗೆ ಕಾಣುತ್ತಿತ್ತು. ಎರಡೂ ಕಡೆಯವರು ಕೈ ಬೀಸಿದೆವು. ಮೇಲೆ ಹತ್ತಿದಾಗ ಅವನ ರೇಷ್ಮೆ ಪಂಚೆಯ ಹಿಂಭಾಗಕ್ಕೆ ಅನ್ನದ ಅಗುಳು ಅಕ್ಷತೆಯ ಹಾಗೆ ಅಂಟಿಕೊಂಡಿತ್ತಂತೆ. ರಾಯರೂ ನಾವೂ ಈಜಿ, ತೇಲಿ, ಗಾಜಿಲ್ಲದ ಕಿಟಕಿಗಳಿಂದಲೇ ಒಳಗೆ ಹತ್ತಿದೆವು. ಸರಿಯಾದ ಹೊತ್ತಿಗೆ ತಾಳಿ ಕಟ್ಟಿದ್ದಾಯಿತು.

ಸಪ್ತಪದಿಗೆ ಎದ್ದರು. ವಧೂವರರು ಮೊದಲ ಹೆಜ್ಜೆ ಇಟ್ಟಾಗ ನೆಲ ಅಲುಗಿತು. ಛತ್ರವೂ ಎದ್ದು ಒಂದು ಹೆಜ್ಜೆ ಇಟ್ಟಿತ್ತು. ಎರಡನೆಯ ಹೆಜ್ಜೆಗೆ ಮತ್ತೊಂದು. ನಾವು ಕಂಬಗಳನ್ನು ತಬ್ಬಿಕೊಂಡೆವು. ಪುರೋಹಿತರು ಒಂದು ಕೈಯಲ್ಲಿ ಹೋಮಕುಂಡ ಹಿಡಿದು ಮಂತ್ರ ಬಿಡದೆ ಹೇಳಿದರು. ಏಳನೆಯ ಹೆಜ್ಜೆಗೆ ಛತ್ರ ನೀರು ಸುರಿಸುತ್ತಾ ಏರಿ ದಾಟಿ, ಆಚೆಯ ಹುಣಸೆ ತೋಪಿನ ನೆರಳಿನಲ್ಲಿ ಮೆಟ್ಟಿಲು ಬಿಚ್ಚಿ ಮೆತ್ತಗೆ ಕೂತಿತು. ಸೋದರಮಾವ ಕಂಬ ಬಿಟ್ಟು, ಬೆವರು ಒರೆಸಿಕೊಂಡು, "ನಮ್ಮ ಊರಿನ ಛತ್ರಗಳಿಗೆ ಇಷ್ಟೆಲ್ಲ ಶಾಸ್ತ್ರ ಗೊತ್ತಿಲ್ಲ" ಎಂದರು. ದನಿಯಲ್ಲಿ ಗೌರವವಿತ್ತು.

ಊಟ ತಂಪಾಗಿ ನಡೆಯಿತು. ಸಂಜೆ ಹೆಣ್ಣು ಒಪ್ಪಿಸುವ ಹೊತ್ತು. ವೈಜಯಂತಿಯ ಕಣ್ಣು ತುಂಬಿತ್ತು. ರಾಯರು ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಪೇಟೆಬೀದಿಯ ಜವಳಿ ಅಂಗಡಿಯ ಯಜಮಾನಿ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ರಾಯರೇ, ಇಂಥ ಮದುವೆ ನಾನು ನೋಡೇ ಇಲ್ಲ! ನಮ್ಮ ಹುಡುಗೀಗೂ ಇದೇ ಛತ್ರ ಬೇಕು. ಆದ್ರೆ ಹೀಗೇ ಆಗ್ಬೇಕು ನೋಡಿ. ಛತ್ರ ಕೆರೆಗಿಳೀಬೇಕು, ಗಂಡು ಕೊಪ್ಪರಿಗೇಲಿ ಬರ್ಬೇಕು."

ಅವರ ಹಿಂದೆ ಇನ್ನಿಬ್ಬರು ತಾಯಂದಿರು ತಮಗೂ ಎಂದರು. ರಾಯರು ಜೇಬಿನಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮಗಳ ಕೈ ಇನ್ನೂ ಹಿಡಿದುಕೊಂಡೇ, ನನ್ನ ಕಡೆ ವಾಲಿ, ಬಹಳ ಮೆಲ್ಲಗೆ ಕೇಳಿದರು.

"ಚೆನ್ನಾಜಮ್ಮ, ಆ ಗಾಜುಗಳನ್ನ ಎಲ್ಲಿಡ್ಸಿದೀಯಾ?"

"ಅಪ್ಪಾ!" ಎಂದು ವೈಜಯಂತಿ ಸಿಡಿದಳು. ಕಣ್ಣಂಚಿನಲ್ಲಿದ್ದ ನೀರು ಅಲ್ಲೇ ಆರಿಹೋಯಿತು.

"ಸುಮ್ನೆ ಕೇಳ್ದೆ ಕಣಮ್ಮಾ" ಎಂದರು ರಾಯರು. ಮದುವೆಯ ದಿನವೂ ಮಗಳ ಕೈಲಿ ಬೈಸಿಕೊಂಡೆನಲ್ಲ, ನಾಳೆಯಿಂದ ಬೈಯುವವರು ಯಾರು ಎಂದುಕೊಂಡರೋ ಏನೋ, ಹೆಗಲ ಮೇಲೆ ಶಲ್ಯವೂ ಇಲ್ಲದೆ, ಗಟ್ಟಿಯಾಗಿ ಅತ್ತುಬಿಟ್ಟರು. ಅಳಿಯ ಛತ್ರಿ ಬಿಚ್ಚಿ ಅವರ ತಲೆಯ ಮೇಲೆ ಹಿಡಿದ. ಅದು ಯಾಕೆಂದು ಅವನಿಗೂ ಗೊತ್ತಿರಲಿಲ್ಲ.